ಎಡಗಡೆಯ ಸೀಟು

ಅಂಕಲಿಯ ಶ್ರೀಪಾಲ ಚೌಗುಲೆ ಆ ಕೆಂಪು ಕಾರನ್ನು ಕೊಲ್ಲಾಪುರದಿಂದ ತಂದಾಗ ಮನೆಯವರೆಲ್ಲ ಹಣೆ ಹಣೆ ಚಚ್ಚಿಕೊಂಡರು. ಹಳೆಯ ಸ್ಪೋರ್ಟ್ಸ್ ಕಾರು, ನೆಲಕ್ಕೇ ಅಂಟಿಕೊಂಡಂಥದ್ದು, ಇರುವುದೇ ಎರಡು ಸೀಟು. ಉಳಿದವರು ಎಲ್ಲಿ ಕೂಡಬೇಕು ಎಂದು ತಮ್ಮ ಕೇಳಿದ. ಉಳಿದವರು ಕೂಡಬಾರದೆಂದೇ ತಂದದ್ದು ಎಂದು ಹೇಗೆ ಹೇಳುವುದು? ಮದುವೆಯಾದಂದಿನಿಂದ ಟ್ರ್ಯಾಕ್ಟರಿನಲ್ಲಾಗಲಿ ಜೀಪಿನಲ್ಲಾಗಲಿ ಅವನೂ ಹೆಂಡತಿ ಜಿನಮತಿಯೂ ಇಬ್ಬರೇ ಹೋದದ್ದಿಲ್ಲ. ನಡುವೆ ಅವನ ತಾಯಿಯೋ, ಆಳುಗಳೋ, ಏನೂ ಇಲ್ಲದಿದ್ದರೆ ಗೊಬ್ಬರದ ಚೀಲವೋ ಇದ್ದೇ ಇರುತ್ತಿತ್ತು.

ಕಾರಿನ ಸಸ್ಪೆನ್ಶನ್ ಪೂರ್ತಿ ಕೆಟ್ಟಿತ್ತು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಹೊಲದ ಶೆಡ್ಡಿನಲ್ಲಿ ತಾನೇ ಬಿಚ್ಚಿದ. ಕಬ್ಬಿನ ಟ್ರೇಲರಿನ ಅಡಿಗೆ ಕಮಾನುಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಕಟ್ಟಿ ಕಟ್ಟಿ ಪಳಗಿದ ಕೈ ಅದು. ಕಾರನ್ನು ಜ್ಯಾಕಿನ ಮೇಲೆತ್ತಿ ಹೊಸ ಶಾಕ್ ಅಬ್ಸಾರ್ಬರ್, ಕೀಲುಗಳೊಳಗೆ ಕೂಡುವ ಹೊಸ ರಬ್ಬರ್ ಬುಷ್ ಹಾಕಿ, ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನೆಲ್ಲ ಬಿಗಿದ. ಟ್ರೇಲರಿಗೆ ಹಾಗೇ ಮಾಡುವುದು: ಮೊದಲು ಬಿಗಿ, ಆಮೇಲೆ ಕಬ್ಬು ಹೇರು.

ಗಂಡ ಹೆಂಡತಿ ಕಬ್ಬೂರಿನ ಮದುವೆಗೆ ಹೊರಟರು. ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಕೆಳಗೆ ಖಟ್ ಖಟ್ ಶುರುವಾಯಿತು. ಒಂದೊಂದು ತಗ್ಗಿಗೂ ಜಿನಮತಿ ನಡು ಹಿಡಿದುಕೊಂಡಳು.

“ಬಸ್‌ಸ್ಟ್ಯಾಂಡಿಗೆ ನಿಲ್ಲಸ್ರಿ. ನನ್ನ ನಡಾ ಮುರದ ಹೋಗೇತಿ. ಈ ಗಾಡಿ ಇನ್ನ ನಾ ಹತ್ತೂದಿಲ್ಲ.”

ಹೇಳಿದವಳೇ ಬಸ್ಸು ಹತ್ತಿದಳು. ಜಿನಮತಿ ಒಂದು ಮಾತಾಡಿದಳೆಂದರೆ ಮುಗಿಯಿತು. ಮಳೆಗಾಲ ಕಳೆದರೂ ಎಡಗಡೆಯ ಸೀಟು ಖಾಲಿಯೇ ಉಳಿಯಿತು. ಜೀವಮಾನದಲ್ಲಿ ಒಮ್ಮೆ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೆಟ್ಟಗೆ ಹೋಗಲಾಗಲಿಲ್ಲವಲ್ಲ ಎಂದು ಶ್ರೀಪಾಲ ಕೊರಗುತ್ತಿದ್ದ.

ಸುಗ್ಗಿಗೆ ಮುಂಚೆ ಮತ್ತೆ ಬಿಚ್ಚಿದ. ಬುಷ್ ಕೈಗೆ ಬಂದಾಗ ತಪ್ಪು ಗೊತ್ತಾಯಿತು. ರಬ್ಬರು ಹಿಂಡಿದ ಬಟ್ಟೆಯಂತೆ ಒಂದೇ ಕಡೆ ತಿರುಚಿ ಹರಿದಿತ್ತು. ಜೋತಾಡುವ ಚಕ್ರಕ್ಕೆ ಬಿಗಿದದ್ದು, ಮಂದಿ ಕೂತೊಡನೆ ತಿರುಚಿಕೊಳ್ಳದೆ ಇನ್ನೇನು? ಇಲ್ಲಿ ಮೊದಲು ಭಾರ ಕೂಡಬೇಕು, ಆಮೇಲೆ ಬಿಗಿಯಬೇಕು.

ಇನ್ನೊಂದು ಜೊತೆ ಬುಷ್ ತಂದು ಹಾಕಿದ. ಚಕ್ರಗಳು ಊರಿ ನಿಲ್ಲುವಂತೆ, ಇಳಿಜಾರಾಗಿ ಜೋಡಿಸಿದ ದಪ್ಪ ಹಲಗೆಗಳ ಮೇಲೆ ಕಾರನ್ನು ಹತ್ತಿಸಿ, ಎರಡೂ ಸೀಟಿನಲ್ಲಿ ಗೊಬ್ಬರದ ಚೀಲ ಕೂಡಿಸಿ ಕೆಳಗೆ ನುಸುಳಿದ. ಹೊತ್ತು ಇಳಿಯುತ್ತಿತ್ತು. ಜೈನರ ಮನೆ; ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ಗಂಡ ಉಪವಾಸ ಮಲಗಿಯಾನೆಂದು ಜಿನಮತಿ ಬುತ್ತಿ ಡಬ್ಬಿ ಹಿಡಿದು ಶೆಡ್ಡಿಗೇ ಬಂದಳು.

“ನನ್ನ ಜಾಗಾದಾಗ ಇದೇನ್ರಿ?”

“ನೀನೇ ಅದು. ಬೋಲ್ಟ ಬಿಗ್ಯಾಕ ನಿನ್ನ ತೂಕ ಬೇಕಾಗೇತಿ,” ಎಂದ ಕೆಳಗಿನಿಂದ.

“ನನ್ನ ತೂಕಕ್ಕ ಒಂದ ಚೀಲ ಸಾಕಾತೇನ್ರಿ?”

“ಮ್ಯಾಲ ಒಂದೀಟ ಜ್ವಾಳಾನೂ ಇಟ್ಟೀನಿ.”

ನಿಜ ಹೇಳಿ ಕೆಟ್ಟೆನೆಂದು ನಾಲಿಗೆ ಕಚ್ಚಿಕೊಂಡ. ಆದರೆ ಜಿನಮತಿ ನಕ್ಕುಬಿಟ್ಟಳು.

“ಗೊಬ್ಬರದ ಚೀಲಕ್ಕ ನಡಾ ನೋಯೂದು ಏನ ಗೊತ್ತಾಗತೈತಿ? ಹೊರಗ ಬಂದ ಅದನ್ನ ತಗೀರಿ.”

ತೆಗೆದ. ಅವಳು ಸೆರಗು ಸುತ್ತಿಕೊಂಡು ಡಬ್ಬಿಯ ಸಮೇತ ಒಳಗೆ ಕೂತಳು. ಮತ್ತೆ ಕೆಳಗೆ ಮಲಗಿದ ಶ್ರೀಪಾಲನಿಗೆ ಎಡಗಡೆ ಒಂದಿಷ್ಟು ತಗ್ಗಿದ್ದು ಕಂಡಿತು. ಇಷ್ಟು ದಿನ ಇದಕ್ಕಾಗಿಯೇ ಕಾದಿದ್ದೆ ಎನ್ನಿಸಿ ಅವನ ಕಣ್ಣು ಒದ್ದೆಯಾಯಿತು. ಒಂದೊಂದೇ ಬೋಲ್ಟನ್ನು ಅವಸರವಿಲ್ಲದೆ ಬಿಗಿದ.

“ಆತು. ಇನ್ನ ಇಳಿ.”

ಬಾಗಿಲು ತೆರೆದ ಸದ್ದಾಗಲಿಲ್ಲ.

“ಹೊತ್ತ ಮುಳುಗೂದ್ರಾಗ ಹೊಳಿ ದಂಡಿ ಮುಟ್ಟತೈತೇನ್ರಿ ನಿಮ್ಮ ಗಾಡಿ? ಅಲ್ಲೇ ಉಣ್ಣೂಣು.”

ಶ್ರೀಪಾಲ ಗ್ರೀಸಿನ ಕೈಯನ್ನು ಅಂಗಿಗೇ ಒರೆಸಿಕೊಂಡು ಎದ್ದ. ತನ್ನ ಸೀಟಿನ ಚೀಲವನ್ನು ಹೊರಗೆಸೆದು ಕೂತ. ಕಾರು ಹಲಗೆಯಿಂದ ಮೆತ್ತಗೆ ಇಳಿದು ಹೊಳೆಯ ಹಾದಿ ಹಿಡಿಯಿತು. ಇಬ್ಬರ ನಡುವೆ ಡಬ್ಬಿಯೊಂದೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಜಿನಮತಿ ಅದನ್ನೂ ತೆಗೆದು ಕಾಲ ಬಳಿ ಇಟ್ಟುಕೊಂಡಳು.