ಹುಳುಮನೆಗೆ ಹೋದ ಯಜಮಾನರು

ನಿನ್ನೆ ನಮ್ಮ ಯಜಮಾನರು ಒಂದು ಚೊಂಬು ನೀರು ಕುಡಿದು, ಅದೂ ಸಾಲದೆ ಮಜ್ಜಿಗೆ ತಾ ಎಂದು ಕೂಗಿದರು. ಇವತ್ತು ಬೆಳಿಗ್ಗೆ ಎದ್ದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಕೇಳಿದವರು ನಕ್ಕರು. ನೀರು ಕುಡಿದಿದ್ದೂ ಒಂದು ಸುದ್ದಿಯೇ? ನಮ್ಮ ಮನೆಯಲ್ಲಿ ಹೌದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಬರೆಯಲು ಕೂತಿದ್ದೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಕಡೆ. ರಾಗಿ, ಟೊಮೊಟೊ, ಒಂದಿಷ್ಟು ಹಿಪ್ಪುನೇರಳೆ ತೋಟ. ಮನೆಯಲ್ಲಿ ನಾನು, ಯಜಮಾನರು, ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವ ಮಗ, ಕೋಲಾರದಲ್ಲಿ ಡಿಗ್ರಿ ಓದುವ ಮೊಮ್ಮಗಳು. ಸೊಸೆಯೂ ಇದ್ದಳು. ಹೋದ ವರ್ಷಕ್ಕೆ ಹಿಂದಿನ ವರ್ಷ ದೊಡ್ಡ ಕಾಯಿಲೆ ಬಂದು ತೀರಿಕೊಂಡಳು. ರೇಷ್ಮೆ ಹುಳ ಸಾಕುವುದು ಅವಳ ಕೆಲಸವಾಗಿತ್ತು. ಅವಳು ಹೋದ ಮೇಲೆ ಮಗ ಹಿತ್ತಲಿನ ಹುಳುಮನೆಗೆ ಬೀಗ ಹಾಕಿದ. ತೋಟದ ಸೊಪ್ಪನ್ನು ಪಕ್ಕದೂರಿನವರು ಕೊಯ್ದುಕೊಂಡು ಹೋಗುತ್ತಿದ್ದರು. ಅವನು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅವಳ ವರ್ಷದ ತಿಥಿ ಮುಗಿದ ಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತಡವರಿಸುತ್ತಿತ್ತು, ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಆಸ್ಪತ್ರೆಯವರು ಗಾಲಿ ಕುರ್ಚಿ ತಗೊಳ್ಳಿ ಅಂದರು, ತಗೊಂಡೆವು. ಅದನ್ನು ಮನೆಯೊಳಗೆ ತರುವುದಕ್ಕೇ ಇಬ್ಬರು ಗಂಡಸರು ಬೇಕಾದರು. ಬೀದಿಯಿಂದ ಜಗಲಿಗೆ ಎತ್ತರದ ಕಲ್ಲು ಮೆಟ್ಟಿಲು, ಜಗಲಿಯಿಂದ ಒಳಕ್ಕೆ ಹೊಸಲು, ನಡುಮನೆಯಿಂದ ಬಚ್ಚಲಿಗೆ ಮತ್ತೆ ಕೆಳಕ್ಕಿಳಿಯುವ ಮೆಟ್ಟಿಲು. ಬಚ್ಚಲ ಬಾಗಿಲಲ್ಲಂತೂ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಹೋದರೆ ಮೊಣಕೈ ತಗಲುತ್ತದೆ. ಗಾಲಿ ಕುರ್ಚಿಗೆ ಗಾಲಿ ಇದ್ದು ಪ್ರಯೋಜನವಾಗಲಿಲ್ಲ. ಕಿಟಕಿಯ ಪಕ್ಕ ನಿಂತ ಜಾಗದಲ್ಲೇ ನಿಂತಿತು, ಇವರು ಅದರಲ್ಲಿ ಕೂತರು.

ಬಚ್ಚಲಿಗೆ ಹೋಗಬೇಕೆಂದರೆ ಮಗ ಕಂಕುಳಿಗೆ ಕೈ ಕೊಟ್ಟು, ಪಕ್ಕದ ಮನೆಯವನು ಕಾಲು ಹಿಡಿದು ಹೊತ್ತೊಯ್ಯಬೇಕು. ಮಗ ಶಿಫ್ಟಿಗೆ ಹೋಗಿದ್ದರೆ ನಾನು ಮತ್ತು ಮೊಮ್ಮಗಳು. ಬೆಳೆದ ಹುಡುಗಿ ಎತ್ತುವಾಗ ಇವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ, "ಹೆಣ ಎತ್ತಿದಂಗೆ ಎತ್ತಬೇಡ್ರೇ ನನ್ನ" ಅಂದರು. ಎತ್ತದೆ ಏನು ಮಾಡುವುದು? ಎತ್ತಿಕೊಂಡೇ ಹೋದೆವು.

ಬೇಸಿಗೆಯಲ್ಲಿ ಒಂದು ವಿಚಿತ್ರ ಕಂಡಿತು. ಆ ಕಿಟಕಿಯ ಕೆಳಗೆ ಸೊಸೆ ನೆಟ್ಟ ಕರಿಬೇವಿನ ಗಿಡವಿದೆ. ಅವಳು ಹೋದ ಮೇಲೆ ಅದಕ್ಕೆ ನೀರು ಹಾಕಿದವರಿಲ್ಲ. ಬೀದಿಯ ಗಿಡಗಳೆಲ್ಲ ಬಾಡಿ ನಿಂತಿರುವಾಗ ಅದೊಂದು ಮಾತ್ರ ಚಿಗುರೊಡೆದು ಮಿರಮಿರ ಮಿಂಚುತ್ತಿತ್ತು. "ಅಮ್ಮನ ಕೈಗುಣ ಅಜ್ಜಿ" ಅಂದಳು ಮೊಮ್ಮಗಳು. ನಾನೂ ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಆಮೇಲೆ ಇವರಿಗೆ ಜ್ವರ, ಉರಿಮೂತ್ರ. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೇ ಬೈದರು.

"ಏನಮ್ಮಾ, ಇವರಿಗೆ ನೀರು ಕೊಡೋದೇ ಇಲ್ವಾ?"

"ದಿನಾ ಚೊಂಬು ತುಂಬಿಸಿ ಇಡ್ತೀನಿ ಸಾ. ಬಂದು ನೋಡಿದ್ರೆ ಖಾಲಿ ಇರುತ್ತೆ."

"ಹೊಟ್ಟೆಗಂತೂ ಹೋಗಿಲ್ಲ. ಹಿಂಗೇ ಆದ್ರೆ ಕಿಡ್ನಿ ಹೋಗುತ್ತೆ, ಹೇಳಿದ್ದೀನಿ."

ಮನೆಗೆ ಬಂದ ಮಾರನೇ ದಿನ ಮೊಮ್ಮಗಳು ಬಾಗಿಲ ಮರೆಯಲ್ಲಿ ನಿಂತು ಕಾದಳು. ಎಡಗೈ ಚೊಂಬು ಎತ್ತಿತು, ಬಾಯಿಯ ಹತ್ತಿರ ಹೋಗಲಿಲ್ಲ, ನೇರ ಕಿಟಕಿಯ ಸರಳಿಗೆ ಹೋಯಿತು.

"ತಾತಾ! ಏನ್ ಮಾಡ್ತಿದ್ದೀಯಾ?"

"ಗಿಡಕ್ಕೆ ಬಾಯಾರಿಕೆ ಆಗಿತ್ತು ಕಣೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇವರು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದರು: "ಕುಡಿದ್ರೆ ಹೋಗ್ಬೇಕಾಗುತ್ತೆ. ಹೋಗ್ಬೇಕಂದ್ರೆ ನೀವು ಎತ್ಬೇಕು. ಕುಡಿಯದಿದ್ರೆ ಯಾವ ತಾಪತ್ರಯಾನೂ ಇಲ್ಲ."

ಆ ಸಂಜೆಯೇ ಮಗ ಮೇಸ್ತ್ರಿಯನ್ನು ಕರೆಸಿದ. ಈ ಮೇಸ್ತ್ರಿಗೆ ಅರ್ಧ ಮಾತು ತೆಲುಗು, ಅರ್ಧ ಮಾತು ತಮಾಷೆ. ಮೆಟ್ಟಿಲನ್ನು ಮೇಲೆ ಕೆಳಗೆ ನೋಡಿ ತಲೆ ಕೆರೆದುಕೊಂಡ.

"ಪೆದ್ದಾಯ್ನಾ, ನಿನ್ನ ಗಾಡಿ ಸಲೀಸಾಗಿ ಇಳೀಬೇಕಂದ್ರೆ ಇಳಿಜಾರು ಎದುರುಮನೆ ಅಡುಗೆಮನೆಗಂಟ ಹೋಗ್ಬೇಕಲ್ಲಯ್ಯಾ!"

"ಹೋಗ್ಲಿ ಬಿಡೋ. ಅಲ್ಲೇ ಊಟ ಮಾಡ್ಕಂಡು ಬರ್ತೀನಿ."

ಮೊದಲು ಬಚ್ಚಲ ಬಾಗಿಲು ಅಗಲ ಮಾಡೋಣ, ಮೆಟ್ಟಿಲಿನ ಯೋಚನೆ ಆಮೇಲೆ ಅಂತ ಗೋಡೆ ಒಡೆಯಲು ಶುರುಮಾಡಿದರು. ಹಳೇ ಮಣ್ಣಿನ ಗೋಡೆ, ಧೂಳೋ ಧೂಳು. ಇವರಿಗೆ ಕೆಮ್ಮು ಹತ್ತಿಕೊಂಡಿತು. ಎಲ್ಲಿ ಕೂರಿಸುವುದು? ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ದೇವರ ಪಟದ ಹಿಂದೆ ನೇತುಹಾಕಿದ್ದ ಬೀಗದ ಕೈ ನೋಡಿದೆ. ಮಗ ಕೆಲಸಕ್ಕೆ ಹೋಗಿದ್ದ.

ಹುಳುಮನೆ ತೆಗೆದಾಗ ಸುಣ್ಣದ ವಾಸನೆ, ಒಣಸೊಪ್ಪಿನ ವಾಸನೆ. ಸೊಸೆ ತಲೆಗೆ ಕಟ್ಟಿಕೊಳ್ಳುತ್ತಿದ್ದ ಹಳೇ ಸೀರೆ ತುಂಡು ಇನ್ನೂ ಮೊಳೆಯಲ್ಲಿ ನೇತಾಡುತ್ತಿತ್ತು. ಹಿತ್ತಲವರೆಗೆ ಕೆಲಸದವರು ಇವರನ್ನು ಎತ್ತಿ ತಂದರು. ಅಲ್ಲಿಂದ ಮುಂದೆ ಕುರ್ಚಿ ತಾನಾಗಿ ಉರುಳಿಕೊಂಡು ಒಳಗೆ ಹೋಯಿತು. ಬಾಗಿಲ ಹತ್ತಿರ ನಿಲ್ಲಿಸಿ, ನಾನು ಕೆಲಸದವರಿಗೆ ಮುದ್ದೆ ತೊಳಸಲು ಮನೆಗೆ ಬಂದೆ.

ಸಂಜೆ ಕರೆತರಲು ಹೋದರೆ ಬಾಗಿಲ ಹತ್ತಿರ ಯಾರೂ ಇಲ್ಲ! ಕೂಗಿದೆ. ಒಳಗಿನ ಕೊನೆಯಿಂದ "ಯಾಕೆ ಬಡ್ಕೋತಿದ್ದೀಯಾ?" ಅಂತ ಉತ್ತರ ಬಂತು. ಅಲ್ಲಿ ಕೈಕಾಲು ತೊಳೆದು ಹುಳ ಮುಟ್ಟಲೆಂದು ಸೊಸೆ ಹಾಕಿಸಿದ್ದ ತಗ್ಗಿನ ನಲ್ಲಿಯಿದೆ. ಇವರು ಎಡಗೈಯಲ್ಲಿ ಗಾಲಿ ತಿರುಗಿಸಿಕೊಂಡು, ಎಡಗಾಲಲ್ಲಿ ನೆಲ ಒತ್ತಿಕೊಂಡು ಆ ಉದ್ದಕ್ಕೂ ಹೋಗಿದ್ದಾರೆ. ಮುಖ ತೊಳೆದಿದ್ದಾರೆ. ಬೊಗಸೆಗೆ ಒಂದೇ ಕೈ, ಅದರಲ್ಲೇ ನೀರು ಕುಡಿದಿದ್ದಾರೆ. ಅಂಗಿಯೆಲ್ಲ ಒದ್ದೆ.

"ನಾನು ಇಲ್ಲೇ ಇರ್ತೀನಿ ಕಣೇ" ಅಂದರು.

ಆಗ ನಾನು ಸುತ್ತ ನೋಡಿದೆ. ಒಂದು ಮೆಟ್ಟಿಲಿಲ್ಲ, ಹೊಸಲಿಲ್ಲ. ನೆಲ ಸಪಾಟು. ಬಾಗಿಲು ಸೊಪ್ಪಿನ ತಳ್ಳುಗಾಡಿ ನುಗ್ಗುವಷ್ಟು ಅಗಲ. ಗಾಳಿಗೆ ಎರಡೂ ಕಡೆ ಕಿಟಕಿ, ಕಿಟಕಿಗೆ ನೊಣ ಬರದ ಬಲೆ. ಹುಳಕ್ಕೆ ಏನೇನು ಬೇಕೋ ಎಲ್ಲ ಮಾಡಿದ್ದೆವು, ಮನುಷ್ಯರಿಗೆ ಮಾಡಿಕೊಂಡಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮಗ ಬಂದ. ಹುಳುಮನೆಯ ಬಾಗಿಲಾಚೆಯೇ ನಿಂತ.

"ಅದು ಅವಳ ಜಾಗ ಅಮ್ಮಾ. ಯಾಕೆ ತೆಗೆದೆ?"

ಒಳಗಿಂದ ಇವರೇ ಮಾತಾಡಿದರು. "ಇದನ್ನ ಕಟ್ಟೋವಾಗ ಮೇಸ್ತ್ರಿ ಮೆಟ್ಟಿಲು ಇಡ್ತೀನಿ, ಚೆಂದ ಕಾಣುತ್ತೆ ಅಂದ. ಅವಳು ಬಿಟ್ಳಾ? ಸೊಪ್ಪು ಹೊರೋಳು ನಾನು, ನೀನಲ್ಲ, ಗಾಡಿ ಒಳಗಂಟ ಬರ್ಬೇಕು ಅಂತ ಜಗಳ ಆಡಿದ್ಲು. ಹುಳಕ್ಕೆ ಅರಮನೆ ಕಟ್ಟಿಸ್ತಾಳೆ ನೋಡು ಅಂತ ನಾನೇ ಆಡ್ಕೊಂಡೆ."

ಮೊಮ್ಮಗಳು ಬಿಡುತ್ತಾಳೆಯೇ? "ಈಗ ಆ ಅರಮನೆಗೆ ನೀನೇ ಬಂದು ಕೂತೆ ತಾತಾ. ಬಾಡಿಗೆ ಯಾವಾಗ ಕೊಡ್ತೀಯಾ?"

ಮಗ ನಗಲಿಲ್ಲ. ಒಳಗೂ ಬರಲಿಲ್ಲ. ಆದರೆ ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಮಾಡಿ, "ಮನೆ ಬಚ್ಚಲು ಬಿಡು, ಹುಳುಮನೆ ಪಕ್ಕಕ್ಕೆ ಕಟ್ಟು" ಅಂದಿದ್ದು ನನಗೆ ಕೇಳಿಸಿತು.

ಹುಳುಮನೆಗೆ ಹೊಂದಿಕೊಂಡು, ನೆಲ ಸಮಕ್ಕೆ ಬಚ್ಚಲು ಬಂತು. ಕಮೋಡು ಇಟ್ಟರು, ಜಾರಬಾರದೆಂದು ಒರಟು ಕಲ್ಲು ಹಾಸಿದರು. ಹಿಡಿದು ಏಳುವುದಕ್ಕೆ ಗೋಡೆಗೆ ಕಬ್ಬಿಣದ ಪೈಪು. ಮೇಸ್ತ್ರಿ ಅದನ್ನು ಬಲಗಡೆ ಹಾಕಿಬಿಟ್ಟಿದ್ದ. "ಬಿದ್ದುಹೋದ ಕೈಗೆ ಹಿಡಿ ಕೊಟ್ಟಿದ್ದೀಯಲ್ಲೋ, ನಿನ್ನ ಬುದ್ಧಿಗೇನು ಲಕ್ವ ಹೊಡೀತಾ?" ಅಂತ ಇವರು ಬೈದರು. ಎಡಗಡೆಗೆ ಇನ್ನೊಂದು ಬಂತು. ಬಲಗಡೆಯದಕ್ಕೆ ಟವಲ್ ಹಾಕುತ್ತೇವೆ.

ಮೊದಲ ಸಲ ಇವರೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಾಗ ನಾನು ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. "ಆಚೆ ಹೋಗೇ, ನಾಚಿಕೆ ಇಲ್ವಾ?" ಎಂದು ಒಳಗಿಂದ ಗದರಿದರು. ಆ ಗದರಿಕೆ ಕೇಳಿ ನನಗಾದ ಸಂತೋಷ ಮದುವೆ ದಿನವೂ ಆಗಿರಲಿಲ್ಲ.

ಆದರೂ ನೀರು ಅಳೆದಳೆದು ಕುಡಿಯುವ ಅಭ್ಯಾಸ ಹೋಗಿರಲಿಲ್ಲ. ಎರಡು ಗುಟುಕು ಕುಡಿದು ಚೊಂಬು ಇಟ್ಟುಬಿಡುವರು. ನಾನು ಬೇಡಿಕೊಂಡೆ, ಮೊಮ್ಮಗಳು ಹೆದರಿಸಿದಳು, ಪ್ರಯೋಜನವಾಗಲಿಲ್ಲ. ಇವರ ಹಟವೇ ಬೇರೆ. "ಹುಳದ ಖಾಲಿ ಸ್ಟ್ಯಾಂಡು ನೋಡ್ಕೊಂಡು ಎಷ್ಟು ದಿನ ಕೂರ್ಲಿ? ಒಂದ್ಸ್ವಲ್ಪ ಹುಳ ತರ್ಸು" ಎಂದು ಮಗನನ್ನು ದಿನವೂ ಪೀಡಿಸುತ್ತಿದ್ದರು. ಅವನು ಮೇಸ್ತ್ರಿಗೆ ಹೇಳಿ ಹುಳುಮನೆಯ ನಡುವೆ ಒಂದು ಗೋಡೆ, ಅದಕ್ಕೊಂದು ಅಗಲದ ಬಾಗಿಲು ಹಾಕಿಸಿದ. ಮುಂದಿನ ಅರ್ಧ ಇವರಿಗೆ. ಹಿಂದಿನ ಅರ್ಧ ತೊಳೆಸಿ, ಸುಣ್ಣ ಬಳಿಸಿ, ಒಂದು ದಿನ ಆಟೋದಲ್ಲಿ ಮರಿಹುಳ ಕಳಿಸಿದ. ನೋವಿನೆಣ್ಣೆಯ ವಾಸನೆ ಹುಳಕ್ಕೆ ಆಗುವುದಿಲ್ಲವೆಂದು ಇವರ ಕೈಕಾಲು ತಿಕ್ಕುವ ಕೆಲಸ ಹೊಂಗೆ ಮರದ ಕೆಳಗೆ ಹೋಯಿತು.

ನಿನ್ನೆ ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತದೆ. ತಡಮಾಡದೆ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ನಾನು ಸ್ಟ್ಯಾಂಡಿನ ಮೇಲಿನ ಸಾಲು, ಮೊಮ್ಮಗಳು ನಡುವಿನದು. ಕೆಳಗಿನ ಸಾಲು ಗಾಲಿ ಕುರ್ಚಿಯ ಎತ್ತರಕ್ಕೆ ಸರಿಯಾಗಿದೆ. ಇವರು ಎಡಗೈಯಲ್ಲಿ ಆರಿಸಿ ತೊಡೆಯ ಮೇಲಿನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಮೂವರಿಗೂ ಕೈ ಸಾಲಲಿಲ್ಲ. ಆಗ ಬಾಗಿಲಲ್ಲಿ ನೆರಳು ಬಿತ್ತು. ಮಗ ರಜೆ ಹಾಕಿ ಬಂದಿದ್ದ. ನಲ್ಲಿಯಲ್ಲಿ ಕೈಕಾಲು ತೊಳೆದ. ಮೊಳೆಯಲ್ಲಿದ್ದ ಸೀರೆ ತುಂಡನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ತಲೆಗೆ ಕಟ್ಟಿಕೊಂಡು ಅಪ್ಪನ ಪಕ್ಕ ಕೂತು ಆರಿಸತೊಡಗಿದ.

ಸ್ವಲ್ಪದರಲ್ಲೇ ಇವರು ಗದರಿದರು. "ಲೇ, ಅದು ಹಸೀ ಹುಳ ಕಣೋ, ಬಿಡು! ಫ್ಯಾಕ್ಟರಿ ಕಣ್ಣು ನಿಂದು." ಸ್ವಲ್ಪ ಹೊತ್ತಿಗೆ ಕುರ್ಚಿ ತಿರುಗಿಸಿಕೊಂಡು ಹೋಗಿ ಚೊಂಬು ಎತ್ತಿ ಗಟಗಟ ಕುಡಿದರು. ಪೂರ್ತಿ. ಬಚ್ಚಲಿಗೆ ಹೋಗಿ ಬಂದರು. ಮತ್ತೆ ಹುಳ ಆರಿಸಿದರು. ಆಮೇಲೆ ಕೂಗಿದರು: "ಏನೇ, ಕೆಲಸ ಮಾಡೋರಿಗೆ ಮಜ್ಜಿಗೆ ಗಿಜ್ಜಿಗೆ ಏನೂ ಇಲ್ವಾ ಈ ಮನೇಲಿ?"

ನಾನು ಓಡಿದೆ. ಈ ವಯಸ್ಸಲ್ಲಿ ಓಡಿದೆ. ಮಜ್ಜಿಗೆಗೆ ಒಗ್ಗರಣೆ ಹಾಕೋಣವೆಂದು ಕಿಟಕಿಯ ಕೆಳಗೆ ಹೋಗಿ ನೋಡಿದರೆ ಕರಿಬೇವಿನ ಎಲೆಗಳು ಬಾಡಿ ಜೋತುಬಿದ್ದಿವೆ. ಪಾಪ, ಅದಕ್ಕೆ ನೀರು ಹಾಕುವವರು ಹುಳುಮನೆಗೆ ಹೋಗಿಬಿಟ್ಟಿದ್ದಾರಲ್ಲ. ನಾನೇ ಒಂದು ಬಿಂದಿಗೆ ತಂದು ಬುಡಕ್ಕೆ ಸುರಿದೆ. ಇನ್ನು ಮೇಲೆ ಆ ಕೆಲಸ ನನ್ನದು.