ಕುಂಕುಮದ ಮೇಲೆ ಹೊರಿಸಿದ ತಪ್ಪು

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ನನ್ನದು ಮೇಂಟೆನೆನ್ಸ್ ಕೆಲಸ. ಕೆಟ್ಟು ನಿಂತ ಮಿಷಿನ್ನು ಬಿಚ್ಚುವುದು, ಸರಿಮಾಡುವುದು. ಅದರಿಂದಾಗಿ ಸ್ಕ್ರೂ ಇರುವುದೆಲ್ಲ ನಾನು ಬಿಚ್ಚಲಿಕ್ಕೇ ಹುಟ್ಟಿದ್ದು ಎಂಬ ಕೊಬ್ಬು ಬೆಳೆದಿತ್ತು. ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರ್ ಯಾವುದನ್ನೂ ನಾನು ನೆಮ್ಮದಿಯಾಗಿ ಇರಗೊಟ್ಟವನಲ್ಲ.

ಆಗಿನ್ನೂ ನಮ್ಮ ಬೀದಿಗೆ ಲ್ಯಾಪ್‌ಟಾಪ್ ಅಪರೂಪ. ಜೊತೆ ಕೆಲಸದವರೊಬ್ಬರು ಹೊಸದು ಕೊಂಡಾಗ ಅವರ ಹಳೆಯದನ್ನು ಮನೆಗೆ ತಂದೆ. ತಂದವನು ನಾನಾದರೂ ಅದನ್ನು ಒಲಿಸಿಕೊಂಡವಳು ನನ್ನ ಹೆಂಡತಿ. ಕುಣಿಗಲ್‌ನವಳು, ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಬಂದವಳು. ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಮಣೆ ಹಾಕಿ ಅದರ ಮುಂದೆ ಕೂತರೆ ಮಧ್ಯಾಹ್ನವೆಲ್ಲ ಕನ್ನಡ ಟೈಪಿಂಗ್. ಆರು ತಿಂಗಳಲ್ಲಿ ಕೀಲಿಗಳನ್ನು ನೋಡದೆ ಹೊಡೆಯುವಷ್ಟಾದಳು. ಗುಬ್ಬಿಯ ಒಂದು ಖಾಸಗಿ ಶಾಲೆಯ ಆಫೀಸಿಗೆ ಜನ ಬೇಕೆಂದು ತಿಳಿದು, ನನ್ನನ್ನೂ ಕೇಳದೆ ಅರ್ಜಿ ಹಾಕಿದಳು. ಹಬ್ಬ ಕಳೆದ ಸೋಮವಾರ ಬಂದು ಒಂದು ಪುಟ ಟೈಪ್ ಮಾಡಿ ತೋರಿಸಿ ಎಂದಿದ್ದರು. ಯಾವ ಬಸ್ಸು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನೆಲ್ಲ ಆಗಲೇ ವಿಚಾರಿಸಿಟ್ಟಿದ್ದಳು.

ಆಯುಧಪೂಜೆಯ ಹಿಂದಿನ ದಿನ ನನಗೆ ಸುಮ್ಮನಿರಲಾಗಲಿಲ್ಲ. ಲ್ಯಾಪ್‌ಟಾಪಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಅವಳು ಹೂವು ತರಲು ಮಾರ್ಕೆಟ್ಟಿಗೆ ಹೋದ ಹೊತ್ತಿಗೆ ಬಿಚ್ಚಿ ಕೂತೆ. ಟಚ್‌ಪ್ಯಾಡಿನಿಂದ ಒಳಗೆ ಹೋಗುವ, ಕಾಗದದಷ್ಟು ತೆಳ್ಳಗಿನ ಪಟ್ಟಿಯೊಂದಿತ್ತು. ಅದನ್ನು ಎಳೆದು, ಧೂಳು ಊದಿ, ಮತ್ತೆ ಸಿಕ್ಕಿಸಿದೆ. ಸರಿಯಾಗಿ ಕೂತಂತೆ ಅನಿಸಲಿಲ್ಲ. ‘ಏ, ಕೂತಿರುತ್ತೆ ಬಿಡು’ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚಿಬಿಟ್ಟೆ. ಆನ್ ಮಾಡಿದರೆ ಪರದೆ ಬೆಳಗಿತು, ಫ್ಯಾನಿನ ಸದ್ದಿಲ್ಲ. ಬಾಣ ಓಡುತ್ತದೆಯೇ ಎಂದು ನೋಡದೆ, ಮೀಸೆ ತಿರುವಿಕೊಂಡು ಆಫ್ ಮಾಡಿದೆ. ಬಿಚ್ಚಿದ್ದನ್ನು ಅವಳಿಗೆ ಹೇಳಲೂ ಇಲ್ಲ.

ಮಾರನೆಯ ದಿನ ಅವಳು ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಸ್ಪ್ಯಾನರ್ ಡಬ್ಬಿ ಎಲ್ಲಕ್ಕೂ ನೀರಲ್ಲಿ ಕಲಸಿದ ಕುಂಕುಮವಿಟ್ಟು, ಕೊನೆಗೆ ಲ್ಯಾಪ್‌ಟಾಪ್ ತೆರೆದು ಟಚ್‌ಪ್ಯಾಡಿನ ಪಕ್ಕದಲ್ಲೊಂದು ಬೊಟ್ಟಿಟ್ಟಳು, ಒಂದು ಸೇವಂತಿಗೆ ಏರಿಸಿದಳು. ಮಂಗಳಾರತಿ ಆಯಿತು. ಸಂಜೆ ಅಭ್ಯಾಸಕ್ಕೆ ಕೂತವಳು ಕೂಗಿದಳು.

“ರೀ, ಬಾಣದ ಗುರ್ತೇ ಕಾಣ್ತಿಲ್ವಲ್ರೀ!”

ಹೋಗಿ ನೋಡಿದೆ. ಪರದೆಯ ಮೇಲೆ ಎಲ್ಲವೂ ಇತ್ತು, ಕರ್ಸರ್ ಮಾತ್ರ ಇರಲಿಲ್ಲ. ಬೆರಳು ಎಷ್ಟು ಉಜ್ಜಿದರೂ ಇಲ್ಲ. ಆಫ್ ಮಾಡಿ ಆನ್ ಮಾಡಿದೆ, ಬ್ಯಾಟರಿ ಕಿತ್ತು ಹಾಕಿದೆ, ಗೊತ್ತಿದ್ದ ಗೊತ್ತಿಲ್ಲದ ಕೀಲಿಗಳನ್ನೆಲ್ಲ ಒತ್ತಿದೆ. ಊಹೂಂ. ಬೇರೆ ಮೌಸ್ ಸಿಕ್ಕಿಸಿ ನೋಡೋಣವೆಂದರೆ ಮನೆಯಲ್ಲಿಲ್ಲ, ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿದ್ದವು. ಆ ತೆಳ್ಳಗಿನ ಪಟ್ಟಿ ನೆನಪಾಯಿತು. ಅಷ್ಟಾದರೂ ನನ್ನ ಬಾಯಿಂದ ಬಂದದ್ದು ಬೇರೆ.

“ಕುಂಕುಮದ ನೀರು ಒಳಕ್ಕೆ ಇಳ್ದಿದೆ ಕಣೇ! ಇದೇನು ಒರಳುಕಲ್ಲಾ, ಬೊಟ್ಟಿಟ್ಟು ಕೈಮುಗಿಯಕ್ಕೆ? ಬುದ್ಧಿ ಬೇಡ್ವಾ?”

ಇನ್ನೂ ಏನೇನೋ ಅಂದೆ. ನಮ್ಮ ಕಾರ್ಖಾನೆಯಲ್ಲಿ ವರ್ಷವೂ ಕಂಟ್ರೋಲ್ ಪ್ಯಾನೆಲ್ಲಿಗೇ ಕುಂಕುಮ ಬಳಿಯುತ್ತೇವೆ, ಒಂದು ಮಿಷಿನ್ನೂ ಅದರಿಂದ ನಿಂತದ್ದಿಲ್ಲ. ನನಗದು ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಮಿಷಿನ್ನಿನ ವಿಷಯದಲ್ಲಿ ನಾನು ಹೇಳಿದ್ದೇ ಅವಳಿಗೆ ವೇದವಾಕ್ಯ. ಸೆರಗಿನಿಂದ ಆ ಬೊಟ್ಟನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

ಭಾನುವಾರ ಅವಳು ದೇವಸ್ಥಾನಕ್ಕೆ ಹೋದಾಗ ಕಳ್ಳನ ಹಾಗೆ ಮತ್ತೆ ಬಿಚ್ಚಿದೆ. ಒಳಗೆ ಕುಂಕುಮದ ಒಂದು ಕಣವೂ ಇರಲಿಲ್ಲ. ಪಟ್ಟಿಯ ಒಂದು ತುದಿ ಸೊಟ್ಟಗೆ ಹೊರಗೆ ನಿಂತಿತ್ತು. ನೆಟ್ಟಗೆ ಕೂರಿಸಿ, ಅದರ ಪುಟ್ಟ ಚಿಲಕ ಒತ್ತಿದೆ. ಆನ್ ಮಾಡಿದರೆ ಬಾಣ ಪರದೆಯ ನಡುವೆ ಬಂದು ಕೂತಿತ್ತು. ಐದು ನಿಮಿಷದ ಕೆಲಸ.

ಅವಳು ಬಂದಾಗ ನಿಜ ಹೇಳಿಬಿಡಬೇಕಿತ್ತು. “ಒಣಗ್ತು, ಸರಿಹೋಯ್ತು ನೋಡು” ಎಂದೆ. ಥೂ! ಆ ಒಂದು ಮಾತಿನಿಂದ ಸುಳ್ಳಿಗೆ ಸಾಕ್ಷಿಯನ್ನೂ ಒದಗಿಸಿದಂತಾಯಿತು. ಅವಳು ದೂರದಿಂದಲೇ ಅದಕ್ಕೆ ಕೈಮುಗಿದಳು. ಕೂತು ನೋಡು ಎಂದರೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ, ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಬೀರುವಿನೊಳಗೆ ಇಡುತ್ತಿದ್ದಳು.

“ಬಸ್ಸಿಗೆ ಹೊತ್ತಾಗ್ಲಿಲ್ವಾ?”

“ನಾ ಹೋಗಲ್ಲ ಕಣ್ರೀ. ಮನೇಲಿರೋದನ್ನೇ ಹಾಳ್ಮಾಡ್ದೆ. ಸ್ಕೂಲ್‌ನೋರ ಕಂಪ್ಯೂಟ್ರೂ ಹಾಳ್ಮಾಡಿ ಬರ್ಲಾ? ನನ್ ಕೈಗೆ ಅದು ಆಗ್ಬರಲ್ಲ, ಬುಡಿ.”

ಆಗಲೂ ಹೇಳಬಹುದಿತ್ತು. ಶೂ ಲೇಸು ಕಟ್ಟುತ್ತಾ ಕೂತಿದ್ದೆ. ತಪ್ಪೊಪ್ಪಿಕೊಂಡರೆ ನನ್ನ ಮಿಷಿನ್ ಪಾಂಡಿತ್ಯದ ಮರ್ಯಾದೆ ಹೋಗುತ್ತದಲ್ಲ ಎಂಬ ಚಿಲ್ಲರೆ ಯೋಚನೆ. “ನಿನ್ನಿಷ್ಟ” ಎಂದು ಶಿಫ್ಟಿಗೆ ಹೊರಟೆ. ಅವಳು ಆ ವರ್ಷವೆಲ್ಲ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಗುಡಿಸುವಾಗಲೂ ಪೊರಕೆ ತಗಲದಂತೆ ಸುತ್ತಿ ಹೋಗುತ್ತಿದ್ದಳು. ಅದನ್ನು ದಿನವೂ ನೋಡುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ, ಹೇಡಿ ನಾನು.

ಮತ್ತೆ ಆಯುಧಪೂಜೆ ಬಂತು. ಸ್ಕೂಟರಿಗೆ, ಮಿಕ್ಸಿಗೆ, ಸ್ಪ್ಯಾನರ್ ಡಬ್ಬಿಗೆ ಬೊಟ್ಟಿಟ್ಟವಳು ಲ್ಯಾಪ್‌ಟಾಪಿನ ಮುಂದೆ ನಿಂತು ಕುಂಕುಮದ ಬಟ್ಟಲನ್ನು ನನ್ನ ಕಡೆ ಚಾಚಿದಳು.

“ಇದಕ್ಕೆ ನೀವೇ ಇಟ್ಬುಡಿ. ಎಲ್ಲಿಟ್ರೆ ಹಾಳಾಗಲ್ಲ ಅಂತ ನಿಮ್ಗೆ ಗೊತ್ತು.”

ಆಗ ತಡೆಯಲಾಗಲಿಲ್ಲ. ಕಳೆದ ಸಲ ಹಬ್ಬದ ಹಿಂದಿನ ದಿನ ಬಿಚ್ಚಿದ್ದು, ಪಟ್ಟಿ ಕೂರದಿದ್ದದ್ದು, ಭಾನುವಾರ ಕದ್ದು ಸರಿಮಾಡಿದ್ದು, ಎಲ್ಲ ಒದರಿಬಿಟ್ಟೆ. ಬೈಯಲಿ, ಬಟ್ಟಲು ಎಸೆಯಲಿ ಎಂದು ಕಾದು ನಿಂತೆ. ಅವಳು ಒಂದೇ ಮಾತು ಕೇಳಿದಳು.

“ಹಂಗಾದ್ರೆ ಆ ಸೋಮ್ವಾರ ನಾನು ಗುಬ್ಬಿಗೆ ಹೋಗ್ಬೋದಿತ್ತಾ?”

“ಹೋಗ್ಬೋದಿತ್ತು ಕಣೇ” ಎಂದೆ.

ಬಟ್ಟಲನ್ನು ನನ್ನ ಕೈಗಿಟ್ಟು, ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು, ಅವಳು ಒಳಗೆ ಹೋದಳು.