ಎರಡೂ ಒಂದೇ ಕಡೆ

ಮಗನಿಗೆ ಒಂದೂವರೆ ವರ್ಷವಾದಾಗಲೇ ನಾನು ಅವನಿಗೆ ಚಡ್ಡಿ ಹಾಕತೊಡಗಿದೆ. ತೊಂಬತ್ತರ ದಶಕದ ಉಗರಗೋಳದಲ್ಲಿ ಆ ವಯಸ್ಸಿನ ಗಂಡುಕೂಸುಗಳೆಲ್ಲ ಬರೀ ಉಡದಾರದ ಮೇಲೆ ಓಣಿ ತಿರುಗುತ್ತಿದ್ದವು. ನನ್ನ ಕೂಸಿಗೆ ಬೀಜದ ಚೀಲ ಎಡಗಡೆ ಖಾಲಿ, ಬಲಗಡೆ ಉಬ್ಬು. ಯಾರ ಕಣ್ಣಿಗೂ ಬೀಳಬಾರದೆಂದು ಚಡ್ಡಿ ಹಾಕಿದರೆ ಎಲ್ಲರ ಕಣ್ಣೂ ಅಲ್ಲಿಗೇ ಬಿತ್ತು. ನನ್ನ ಜಾಣತನಕ್ಕೆ ಬೆಂಕಿ ಹಚ್ಚಬೇಕು.

ಎಲ್ಲವ್ವನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಅರಿಸಿನದ ಭಂಡಾರ ಮಾರುವ ಅಂಗಡಿ ನಮ್ಮದು. ಪಕ್ಕದ ಅಂಗಡಿಯಾಕೆ ಒಂದು ದಿನ ಬಂದು ನನ್ನ ಅತ್ತೆಯ ಹತ್ತಿರ ಕುಳಿತಳು.

"ಕೂಸಿಗೆ ಏನರ ಕಡಿಮಿ ಐತೇನ್ರಿ? ಎಲ್ಲವ್ವ ಬೇಡಾಕತ್ತಾಳೋ ಏನೋ."

ಗಂಡಸಾಗಲಾರದವನೆಂದು ಮಗುವನ್ನು ದೇವಿಗೆ ಬಿಡುವ ಮಾತು ಅದು.

"ಮೊದಲ ನಿಮ್ಮ ಮನೀದ ಬಿಡ್ರಿ, ಆಮ್ಯಾಲೆ ನಮ್ಮದು ನೋಡೂಣು" ಎಂದೆ. ಆಕೆ ಎದ್ದು ಹೋದಳು. ಅತ್ತೆ ಮಾತ್ರ ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ನನ್ನ ಎದೆ ಒಡೆದದ್ದು ಆಗ.

ಮರುದಿನವೇ ಗಂಡನನ್ನು ಎಳೆದುಕೊಂಡು ಬೈಲಹೊಂಗಲದ ಡಾಕ್ಟರರ ಹತ್ತಿರ ಹೋದೆ. ಅವರು ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ ಹೇಳಿದರು: "ಕಡಿಮಿ ಏನಿಲ್ಲ ತಾಯಿ. ಎರಡೂ ಒಂದ ಕಡೆ ಇಳದಾವ. ಭಾಳ ಅಪರೂಪ. ಆಪರೇಷನ್ ಮಾಡಿ ಒಂದನ್ನ ಆ ಕಡೆ ಕೂಡಸ್ತಾರ."

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ನಾನೇ ಚಡ್ಡಿ ಬಿಚ್ಚಿ ಕೂಸನ್ನು ಓಣಿಗೆ ಬಿಟ್ಟೆ, ಕಣ್ತುಂಬ ನೋಡಿಕೊಳ್ಳಲಿ ಎಂದು.

ಆದರೆ ಆಸ್ಪತ್ರೆಯಿಂದ ಬಿಡುವ ದಿನ ಬೆಳಗಾವಿಯ ಡಾಕ್ಟರರು ಇನ್ನೊಂದು ಮಾತು ಹೇಳಿದ್ದರು. ಇಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಅಲ್ಲಿ ಗಂಟು ಏಳಬಹುದು, ಮಕ್ಕಳಾಗದೆಯೂ ಇರಬಹುದು. ಹುಡುಗ ತಾನೇ ಮುಟ್ಟಿ ನೋಡಿಕೊಳ್ಳಬೇಕು, ಬಂದು ತೋರಿಸಬೇಕು. ಚಿಕ್ಕವನಿದ್ದಾಗ ಎತ್ತಿಕೊಂಡು ಹೋಗಿ ತೋರಿಸಿದೆವು. ಮೀಸೆ ಮೂಡಿದವನನ್ನು ಎತ್ತಿಕೊಂಡು ಹೋಗುವುದು ಹೇಗೆ? ಆಪರೇಷನ್ನಿನ ಕಲೆ ಏನೆಂದು ಅವನು ಕೇಳಿದಾಗ ಹರ್ನಿಯಾ ಎಂದು ಹೇಳಿಟ್ಟಿದ್ದೆವು. ಮಗನನ್ನು ಕೇಳಿ ನೋಡೆಂದು ಗಂಡನಿಗೆ ಹೇಳಿದರೆ, "ನಾ ಹೆಂಗ ಕೇಳ್ಲಿ, ತಾಯಿ ಆದಾಕಿ ನೀ ಕೇಳು" ಎಂದು ಅಂಗಡಿಗೆ ನಡೆದ. ಸಿಟ್ಟು ಬಂತು. ಸಿಟ್ಟಿನಿಂದ ಏನೂ ಆಗಲಿಲ್ಲ.

ಒಂದು ಮುಂಜಾನೆ ಗಟ್ಟಿ ಮನಸ್ಸು ಮಾಡಿ ಬಚ್ಚಲಮನೆಯ ಬಾಗಿಲ ಹೊರಗೆ ನಿಂತೆ. ಒಳಗಿನಿಂದ ಚಿಲಕ ಹಾಕಿತ್ತು.

"ತಮ್ಮಾ, ನಿನಗ ಅಲ್ಲೆ ಏನರ ನೋವು, ಗಂಟು ಐತೇನೋ?"

ನೀರಿನ ಸಪ್ಪಳ ನಿಂತಿತು.

"ಎಲ್ಲೆ ಯವ್ವಾ?"

ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಏನಿಲ್ಲ. ಬಿಸಿನೀರ ಸಾಕಾತಿಲ್ಲೋ?"

"ಸಾಕಾತ್ ಯವ್ವಾ" ಎಂದ.